ಗುಲ್ಮಾರ್ಗ್‌ನಲ್ಲಿ ಐದು ದಿನದ ಸ್ಕೀ ಕಲಿಕೆ: ಮೊದಲು ಬೂಟು, ಆಮೇಲೆ ಹಿಮ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಚಪ್ಪಲಿ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ದಿನಾ ಜನರ ಕಾಲು ನೋಡುತ್ತೇನೆ. ಬಂದವರು ನಂಬರ್ ಹೇಳುವ ಮೊದಲೇ ಪಾದ ನೋಡಿ ಏಳೋ ಎಂಟೋ ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ಕಳೆದ ಫೆಬ್ರವರಿಯಲ್ಲಿ ಮಗಳ ಜೊತೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವುದು, ಕಲಿತು ಬಂದ ಮೇಲೆ, ಬೆಟ್ಟಕ್ಕಿಂತ ಬೂಟಿನ ಬಗ್ಗೆಯೇ ಜಾಸ್ತಿ ಹೇಳಬೇಕು ಅನಿಸುತ್ತಿದೆ. ನಮ್ಮ ಕಡೆಯಿಂದ ಮೊದಲ ಸಲ ಹೋಗುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ನಾವು ತೆಗೆದುಕೊಂಡದ್ದು ಇಷ್ಟು: ಐದು ದಿನಕ್ಕೆ ಒಬ್ಬ ಖಾಸಗಿ ತರಬೇತುದಾರ, ನನಗೆ ಬಾಡಿಗೆ ಸ್ಕೀ, ಮಗಳಿಗೆ ಬಾಡಿಗೆ ಸ್ನೋಬೋರ್ಡ್. ತರಬೇತುದಾರರಿಗೆ ಪೂರ್ತಿ ಅಂಕ ಕೊಡುತ್ತೇನೆ. ಬಾಡಿಗೆ ಅಂಗಡಿ ಎರಡು ಕಂಡೆವು. ಒಂದಕ್ಕೆ ಮತ್ತೆ ಹೋಗುವುದಿಲ್ಲ, ಇನ್ನೊಂದಕ್ಕೆ ಖಂಡಿತ ಹೋಗುತ್ತೇನೆ.

ಹೊರಡುವಾಗ ಅವ್ವ ಬಾಗಿಲಲ್ಲೇ ನಿಂತು, "ಬರ್ಫದಾಗ ಜಾರ್ಲಾಕ ಅಷ್ಟ್ ದೂರ ಯಾಕ್ ಹೊಂಟಿ? ಕೈಕಾಲು ಜ್ವಾಕಿ" ಅಂದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ರಾತ್ರಿ ರೈಲಿಗೆ ಹೈದರಾಬಾದ್, ಅಲ್ಲಿಂದ ದೆಹಲಿ ಮೇಲೆ ಶ್ರೀನಗರಕ್ಕೆ ವಿಮಾನ. ಶ್ರೀನಗರದಲ್ಲಿ ಇಳಿದ ಕೂಡಲೇ ನನ್ನ ಫೋನ್ ಸುಮ್ಮನಾಯಿತು. ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಮಗಳದು ಪೋಸ್ಟ್‌ಪೇಯ್ಡ್, ಅದರಲ್ಲೇ ಐದು ದಿನ ಕಳೆದೆವು. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ತಂಗ್‌ಮಾರ್ಗ್‌ವರೆಗೆ ಮಾಮೂಲಿ ಟ್ಯಾಕ್ಸಿ. ಹಿಮ ಬಿದ್ದಿದ್ದರೆ ಅಲ್ಲಿಂದ ಮೇಲಿನ 13 ಕಿಲೋಮೀಟರಿಗೆ ಚಕ್ರಕ್ಕೆ ಸರಪಳಿ ಸುತ್ತಿದ ಗಾಡಿ ಬೇಕು. ಗಾಡಿ ಬದಲಿಸುವಾಗ ದರ ಮೊದಲೇ ಮಾತಾಡಿಕೊಳ್ಳಿ.

ಈಗ ಬೂಟಿನ ವಿಷಯಕ್ಕೆ ಬರುತ್ತೇನೆ.

ಮೊದಲ ದಿನ ಬೆಳಿಗ್ಗೆ ಹೋಟೆಲ್ ಪಕ್ಕದ ಬಾಡಿಗೆ ಅಂಗಡಿಗೆ ಹೋದೆವು. ಹೆಸರು ಬರೆಯುವುದಿಲ್ಲ. ಅಲ್ಲಿದ್ದ ಹುಡುಗ "ಕೌನ್ಸಾ ನಂಬರ್?" ಅಂದ. ಎಂಟು ಅಂದೆ. ಹಿಂದಿನ ಸಾಲಿನಿಂದ ಒಂದು ಜೊತೆ ಎಳೆದು ಮುಂದಿಟ್ಟ. ಕಾಲು ಹಾಕಿದೆ, ಸಲೀಸಾಗಿ ಒಳಗೆ ಹೋಯಿತು. ಬೆರಳು ಆಡಿಸಲು ಜಾಗ ಬೇಕಾದಷ್ಟಿತ್ತು. ಚಪ್ಪಲಿ ಅಂಗಡಿಯವನಾದ ನನಗೆ ಅದು ಒಳ್ಳೆಯ ಲಕ್ಷಣವಾಗಿಯೇ ಕಂಡಿತು. ನಮ್ಮ ಅಂಗಡಿಯಲ್ಲಿ ಬೂಟು ಹಾಕಿಸಿ ಮುಂದೆ ಹೆಬ್ಬೆರಳಿನ ಜಾಗ ಒತ್ತಿ ನೋಡುತ್ತೇವಲ್ಲ, ಅದೇ ರೂಢಿ. ಚಳಿಗೆ ಇರಲಿ ಅಂತ ಎರಡು ಜೊತೆ ಕಾಲುಚೀಲ ಬೇರೆ ಹಾಕಿದ್ದೆ. ಅವನು ನನ್ನ ತೂಕ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. ಸ್ಕೀ, ಕೋಲು ಕೈಗಿಟ್ಟು ದುಡ್ಡು ತೆಗೆದುಕೊಂಡ.

ಅರ್ಧ ಗಂಟೆಯಲ್ಲಿ ಕಾಲು ಉರಿಯತೊಡಗಿತು. ಬೂಟಿನೊಳಗೆ ಹಿಮ್ಮಡಿ ಮೇಲೆದ್ದು ಕೆಳಗೆ ಕೂರುತ್ತಿತ್ತು. ಅಲುಗಾಡದಿರಲಿ ಅಂತ ನಾಲ್ಕೂ ಬಕಲ್ ಬಿಗಿದೆ. ಬಿಗಿದಷ್ಟೂ ಪಾದದ ಮೇಲೆ ರಕ್ತ ನಿಂತ ಹಾಗೆ ಜೋಮು. ಸಮತಟ್ಟಾದ ಜಾಗದಲ್ಲೂ ಬಿದ್ದೆ. ನಾಲ್ಕನೇ ಸಲ ಬಿದ್ದಾಗ ತರಬೇತುದಾರರ ಹತ್ತಿರ ನಮ್ಮೂರ ದಖನಿಯಲ್ಲೇ "ಬಸ್, ಔರ್ ನಕ್ಕೋ" ಅಂದುಬಿಟ್ಟೆ. ಅವರಿಗೆ "ನಕ್ಕೋ" ಹೊಸದು. ಬೇಡ ಅಂತ ಅರ್ಥ ಹೇಳಿದೆ. ಆಮೇಲೆ ಐದು ದಿನವೂ ಅವರ ಬಾಯಲ್ಲಿ ಅದೇ ಪದ: "ಪೀಛೇ ಝುಕ್‌ನಾ ನಕ್ಕೋ!" ಹಿಂದಕ್ಕೆ ವಾಲಬೇಡ ಅಂತ. ನಾವು ಅವರನ್ನು ಉಸ್ತಾದ್ ಅಂತ ಕರೆಯುತ್ತಿದ್ದೆವು.

ಉಸ್ತಾದರು ಪಾಠ ಮುಂದುವರಿಸಲಿಲ್ಲ. ಹಿಮದ ಮೇಲೆ ಮೊಣಕಾಲೂರಿ ಕೂತು ನನ್ನ ಬೂಟು ಬಿಚ್ಚಿದರು. ಜನರ ಕಾಲ ಬುಡದಲ್ಲಿ ಕೂರುವುದು ನನ್ನ ಕೆಲಸ. ಬೇರೆ ಯಾರೋ ನನ್ನ ಪಾದ ತೊಡೆ ಮೇಲಿಟ್ಟುಕೊಂಡು ನೋಡಿದ್ದು ಅದೇ ಮೊದಲು. ಮನಸ್ಸು ತುಂಬಿ ಬಂತು. ಅವರು ಬೂಟಿನೊಳಗಿನ ಮೆತ್ತನೆಯ ಪದರ ಹೊರಗೆ ಎಳೆದರು. ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲು ಇಡಿಸಿ, ಬೆರಳ ತುದಿ ಮುಂದೆ ತಾಗುವವರೆಗೆ ಸರಿಸಲು ಹೇಳಿದರು. ಹಿಂದೆ ಹಿಮ್ಮಡಿಗೂ ಚಿಪ್ಪಿಗೂ ನಡುವೆ ಅವರ ಬೆರಳು ಹಾಕಿ ನೋಡಿದರು. ಮೂರು ಬೆರಳು ಆರಾಮಾಗಿ ಹೋದವು. ಹೋಗಬೇಕಾದದ್ದು ಒಂದೂವರೆ, ಹೆಚ್ಚೆಂದರೆ ಎರಡು. ನನ್ನ ಪಾದಕ್ಕಿಂತ ಎರಡು ನಂಬರ್ ದೊಡ್ಡ ಬೂಟು ಹಾಕಿಕೊಂಡಿದ್ದೆ.

ಆ ದಿನದ ಪಾಠ ಅಲ್ಲಿಗೇ ನಿಲ್ಲಿಸಿ ನಮ್ಮನ್ನು ಅವರೇ ಬೇರೆ ಅಂಗಡಿಗೆ ಕರೆದುಕೊಂಡು ಹೋದರು. ಆ ಅರ್ಧ ದಿನದ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡನೇ ಅಂಗಡಿಯಲ್ಲಿ ಒಬ್ಬ ಹಿರಿಯರು ಫಿರನ್ ಅನ್ನುವ ಕಾಶ್ಮೀರಿ ನಿಲುವಂಗಿಯೊಳಗೆ ಕಾಂಗ್ಡಿ, ಅಂದರೆ ಕೆಂಡದ ಕುಡಿಕೆ, ಇಟ್ಟುಕೊಂಡು ಕೂತಿದ್ದರು. ನಂಬರ್ ಕೇಳಲೇ ಇಲ್ಲ. ಗೋಡೆಗೆ ಹಿಮ್ಮಡಿ ಆನಿಸಿ ನಿಲ್ಲಿಸಿ, ಪಟ್ಟಿಯಿಂದ ಪಾದದ ಉದ್ದ ಅಳೆದರು. ಇಪ್ಪತ್ತಾರೂವರೆ ಸೆಂಟಿಮೀಟರ್. ಸ್ಕೀ ಬೂಟಿನ ನಂಬರ್ ಅಂದರೆ ಅದೇ, 26.5. ನಮ್ಮ ಏಳು ಎಂಟು ಅಲ್ಲಿಗೆ ಬೇಕಿಲ್ಲ. ಪಾದ ಎಷ್ಟು ಸೆಂಟಿಮೀಟರೋ ಬೂಟು ಅಷ್ಟೇ. ಇಷ್ಟು ಸರಳವಾದ ಅಳತೆ ನಮ್ಮ ವ್ಯಾಪಾರದಲ್ಲೂ ಎಲ್ಲಾ ಕಂಪನಿಗಳಿಗೂ ಒಂದೇ ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು!

ಆ ಬೂಟಿನಲ್ಲಿ ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗುತ್ತಿತ್ತು. ಚಿಕ್ಕದಾಯಿತು ಅಂದೆ. "ಮೊಣಕಾಲು ಮುಂದೆ ಬಗ್ಗಿಸಿ" ಅಂದರು. ಬಗ್ಗಿಸಿದ ಕೂಡಲೇ ಹಿಮ್ಮಡಿ ಹಿಂದೆ ಸರಿದು ಕೂತಿತು, ಬೆರಳು ಬಿಡುವಾಯಿತು. ಸ್ಕೀಯಿಂಗ್ ಮಾಡುವುದೇ ಮೊಣಕಾಲು ಬಗ್ಗಿಸಿ, ಹಾಗಾಗಿ ಅಳತೆಯನ್ನೂ ಹಾಗೆಯೇ ನೋಡಬೇಕು. ಕೆಳಗಿನ ಎರಡು ಬಕಲ್ ಸಡಿಲ, ಕಣಕಾಲಿನ ಬಳಿಯದು ಗಟ್ಟಿ, ಮೇಲಿನದು ಒಂದು ಹದಕ್ಕೆ. ಒಂದೇ ಜೊತೆ ತೆಳ್ಳನೆಯ ಉಣ್ಣೆಯ ಕಾಲುಚೀಲ, ಮೊಣಕಾಲವರೆಗೆ ಎಳೆದದ್ದು. ಒಳಗಿನ ಪ್ಯಾಂಟನ್ನು ಬೂಟಿನೊಳಗೆ ತುರುಕಬಾರದು. ಒಂದು ಮಡಿಕೆ ಸಿಕ್ಕಿಕೊಂಡರೂ ಸಂಜೆಗೆ ಅಲ್ಲೇ ಬೊಬ್ಬೆ ಏಳುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಸ್ಕೀ ಬೂಟಿನ ಹಿಮ್ಮಡಿ ಪಕ್ಕದಲ್ಲಿ ಅಟ್ಟೆಯ ಉದ್ದ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಸ್ಕೀ ಮೇಲೆ ಬೂಟು ಹಿಡಿಯುವ ಬೈಂಡಿಂಗ್ ಅನ್ನು ಆ ಅಂಕಿಗೆ ಕೂಡಿಸಬೇಕು. ಬೂಟು ಬದಲಾದರೆ ಅದನ್ನೂ ಮತ್ತೆ ಕೂಡಿಸಬೇಕು. ಆಮೇಲೆ ತೂಕ, ಎತ್ತರ, ವಯಸ್ಸು ಕೇಳಿ ಬೈಂಡಿಂಗ್ ಎಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳಬೇಕು ಅಂತ ತಿರುಪು ತಿರುಗಿಸುತ್ತಾರೆ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳಬೇಕು. ಕಳಚದಿದ್ದರೆ ಆ ಉದ್ದನೆಯ ಹಲಗೆ ಮೊಣಕಾಲನ್ನೇ ತಿರುಚಿಬಿಡುತ್ತದೆ. ನಿಮ್ಮ ತೂಕ ಕೇಳದೆ ಸ್ಕೀ ಕೊಡುವ ಅಂಗಡಿಯಿಂದ ದಯವಿಟ್ಟು ಎದ್ದು ಬನ್ನಿ. ಇದನ್ನು ಕೈಮುಗಿದು ಹೇಳುತ್ತೇನೆ.

ಎರಡನೇ ದಿನ ನನಗೆ ಬೇರೆಯದೇ ಕಾಲು ಬಂದ ಹಾಗಿತ್ತು. ಮೊದಲ ಪಾಠ ನಿಲ್ಲುವುದು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ಅಗಲ. ಮೇಲಿನಿಂದ ನೋಡಿದರೆ ಸಮೋಸದ ಆಕಾರ. ಹಿಮ್ಮಡಿಗಳನ್ನು ಹೊರಗೆ ತಳ್ಳಿದಷ್ಟೂ ವೇಗ ಇಳಿಯುತ್ತದೆ. ಎಡಗಾಲಿನ ಮೇಲೆ ಭಾರ ಹಾಕಿದರೆ ಬಲಕ್ಕೆ ತಿರುಗುತ್ತದೆ, ಬಲಗಾಲಿನ ಮೇಲೆ ಹಾಕಿದರೆ ಎಡಕ್ಕೆ. ಕಷ್ಟ ಇರುವುದು ಒಂದೇ ಕಡೆ: ಇಳಿಜಾರು ಕಂಡ ಕೂಡಲೇ ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ. ವಾಲಿದರೆ ಸ್ಕೀ ಮುಂದೆ ಓಡಿಹೋಗುತ್ತದೆ. ಬೂಟಿನ ನಾಲಿಗೆಗೆ ಕಾಲಿನ ಮುಂದಿನ ಎಲುಬು ಸದಾ ಒತ್ತಿರಬೇಕು. ಪಾದ ಬೂಟಿನೊಳಗೆ ಅಲುಗಾಡಿದರೆ ನಾವು ಹೇಳಿದ್ದು ಸ್ಕೀಗೆ ಮುಟ್ಟುವುದೇ ಇಲ್ಲ. ಹಿಂದಿನ ದಿನ ಯಾಕೆ ಅಷ್ಟು ಬಿದ್ದೆ ಅಂತ ಆಗ ತಿಳಿಯಿತು.

ಗಾಲ್ಫ್ ಮೈದಾನದ ಕಡೆಯ ಸಣ್ಣ ಇಳಿಜಾರಿನಲ್ಲೇ ಮೂರು ದಿನ ಕಳೆದೆವು. ಬಿದ್ದರೆ ಏಳುವುದಕ್ಕೂ ಕ್ರಮ ಇದೆ. ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಮಾಡಿ, ಕಾಲು ಕೆಳಗಿನ ಬದಿಗೆ ತಂದುಕೊಂಡು ಏಳಬೇಕು. ನಮ್ಮ ಕಲಬುರಗಿ ಸಮುದ್ರ ಮಟ್ಟದಿಂದ 450 ಮೀಟರ್ ಆಸುಪಾಸು, ಗುಲ್ಮಾರ್ಗ್ ಸುಮಾರು 2,650. ಹತ್ತು ಸಲ ಬಿದ್ದು ಎದ್ದರೆ ಏದುಸಿರು ಬರುತ್ತದೆ, ಅವಸರ ಮಾಡಬೇಡಿ. ಇನ್ನೊಂದು ಮಾತು, ಬಿಸಿಲಿನ ಊರಿನವರು ನಮಗೇನಾಗುತ್ತೆ ಅಂದುಕೊಳ್ಳಬೇಡಿ. ಅಲ್ಲಿ ಬಿಸಿಲು ಹಿಮಕ್ಕೆ ಬಡಿದು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ಮೂಗಿನ ತುದಿ, ಗದ್ದದ ಕೆಳಗೆ ಚರ್ಮ ಸುಲಿದು ಹೋಯಿತು. ಸನ್‌ಸ್ಕ್ರೀನ್, ಒಳ್ಳೆಯ ಕನ್ನಡಕ ಎರಡೂ ಬೇಕು.

ಮಗಳ ಸ್ನೋಬೋರ್ಡ್ ಕಥೆ ಬೇರೆ. ಅದರ ಬೂಟು ಮೆತ್ತಗೆ, ಹಾಕಿಕೊಂಡು ಬಜಾರದಲ್ಲಿ ಓಡಾಡಬಹುದು. ಆದರೆ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತದೆ. ಮೊದಲ ಎರಡು ದಿನ ಅವಳು ನಿಂತದ್ದಕ್ಕಿಂತ ಕೂತದ್ದೇ ಜಾಸ್ತಿ. ಹಲಗೆಯ ಮೇಲೆ ಯಾವ ಕಾಲು ಮುಂದೆ ಇರಬೇಕು ಅಂತ ತಿಳಿಯಲು ಉಸ್ತಾದರು ಅವಳಿಗೆ ಗೊತ್ತಿಲ್ಲದ ಹಾಗೆ ಹಿಂದಿನಿಂದ ಮೆಲ್ಲಗೆ ತಳ್ಳಿದರು. ಸಾವರಿಸಿಕೊಳ್ಳಲು ಬಲಗಾಲು ಮುಂದಿಟ್ಟಳು. ಹಾಗಾಗಿ ಬಲಗಾಲೇ ಮುಂದೆ. ಬೀಳುವಾಗ ಅಂಗೈ ಊರಬಾರದು, ಮುಷ್ಟಿ ಕಟ್ಟಿ ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಮೇಲೆ ಬೀಳಬೇಕು ಅಂತ ಮೊದಲ ದಿನವೇ ಹತ್ತಾರು ಸಲ ಬೀಳಿಸಿ ಕಲಿಸಿದರು. ಸ್ನೋಬೋರ್ಡ್ ಕಲಿಯುವವರಿಗೆ ಮಣಿಕಟ್ಟಿನ ಪೆಟ್ಟು ಬಹಳ. ಮೂರನೇ ದಿನ ಮಧ್ಯಾಹ್ನ ಹಿಮ್ಮಡಿಯ ಅಂಚಿನ ಮೇಲೆ ಎಡಕ್ಕೆ, ಬಲಕ್ಕೆ ಎಲೆ ಉದುರುವ ಹಾಗೆ ತೇಲುತ್ತಾ ಇಳಿದು ಬಂದಳು. ಕೆಳಗೆ ಬಂದು, "ಪಪ್ಪಾ, ನೋಡಿದ್ಯಾ? ಒಮ್ಮಿನೂ ಬೀಳ್ಲಿಲ್ಲ!" ಅಂತ ಕೂಗಿದಳು. ಅವಳ ಮುಖ ಕೆಂಪಗಾಗಿತ್ತು, ರೆಪ್ಪೆ ಮೇಲೆ ಹಿಮದ ಪುಡಿ ಇತ್ತು. ಹತ್ತನೇ ತರಗತಿ ಫಲಿತಾಂಶದ ದಿನವೂ ಅವಳನ್ನು ಅಷ್ಟು ಖುಷಿಯಲ್ಲಿ ನೋಡಿರಲಿಲ್ಲ.

ಅವತ್ತು ಬಿಡುವಿನಲ್ಲಿ ರೊಟ್ಟಿ ಗಂಟು ಬಿಚ್ಚಿದೆವು. ಉಸ್ತಾದರು ಕಡಕ್ ರೊಟ್ಟಿ ಮುರಿದ ಸದ್ದಿಗೇ ಬೆರಗಾದರು. ಶೇಂಗಾ ಹಿಂಡಿ ಅವರಿಗೆ ಬಹಳ ಹಿಡಿಸಿತು. ಅವರು ತಮ್ಮ ಫ್ಲಾಸ್ಕಿನಿಂದ ನೂನ್ ಚಾಯ್ ಕೊಟ್ಟರು. ಗುಲಾಬಿ ಬಣ್ಣದ ಉಪ್ಪು ಚಹಾ. ಮೊದಲ ಗುಟುಕು ವಿಚಿತ್ರ ಅನಿಸಿತು, ಮೂರನೆಯದಕ್ಕೆ ರೊಟ್ಟಿ ಅದ್ದಿಕೊಂಡೆ.

ಕೊನೆಯ ದಿನ ಗೊಂಡೋಲಾ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರ್, ಹತ್ತಿ ಅದರ ಮೊದಲ ಹಂತವಾದ ಕೊಂಗ್‌ಡೋರಿಗೆ ಹೋದೆವು. ಅದು ಸುಮಾರು 3,000 ಮೀಟರ್ ಎತ್ತರ. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ಮಾಡಿಸಿದ್ದೆವು, ಅಲ್ಲಿಗೆ ಹೋಗಿ ತೆಗೆದುಕೊಳ್ಳುತ್ತೇನೆ ಅಂದರೆ ಸಿಗುವ ಭರವಸೆ ಇಲ್ಲ. ಅಲ್ಲಿನ ಇಳಿಜಾರಿನಲ್ಲಿ ಉಸ್ತಾದರ ಹಿಂದೆ ನಿಧಾನಕ್ಕೆ ತಿರುವು ಹಾಕುತ್ತಾ ಬಂದೆ. ಇಡೀ ಇಳಿಜಾರಿನಲ್ಲಿ ಬಿದ್ದದ್ದು ಒಂದೇ ಸಲ. ಸ್ಕೀ ತಾನಾಗಿ ಕಳಚಿಕೊಂಡಿತು, ಕಾಲಿಗೆ ಏನೂ ಆಗಲಿಲ್ಲ. ಆ ಹಿರಿಯರು ತಿರುಪು ತಿರುಗಿಸಿದ್ದು ನೆನಪಾಯಿತು. ಎರಡನೇ ಹಂತದ ಗೊಂಡೋಲಾ ಅಫರ್ವಟ್ ಬೆಟ್ಟದ ಭುಜಕ್ಕೆ, 3,900 ಮೀಟರಿಗೂ ಮೇಲೆ ಹೋಗುತ್ತದೆ. ಅಲ್ಲಿಂದ ಇಳಿಯುವುದು ನಮ್ಮಂಥ ಹೊಸಬರ ಕೆಲಸ ಅಲ್ಲ. ಹದ ಮಾಡಿದ ದಾರಿ ಇರುವುದಿಲ್ಲ, ಹಿಮಕುಸಿತದ ಭಯ ಇದೆ. ಪಳಗಿದವರೂ ಮಾರ್ಗದರ್ಶಿ ಜೊತೆ, ಹಿಮದಡಿ ಸಿಕ್ಕಿದವರನ್ನು ಹುಡುಕುವ ಸಾಧನ, ಸಲಿಕೆ ಎಲ್ಲ ಕಟ್ಟಿಕೊಂಡೇ ಹೋಗುತ್ತಾರೆ. ನಾವು ಸ್ಕೀ ಕೆಳಗಿಟ್ಟು, ಬರೀ ನೋಡಿಕೊಂಡು ಬಂದೆವು.

ಹೋಗುವ ದಿನ ಆರಿಸುವಾಗ ಫೆಬ್ರವರಿ ಇಟ್ಟುಕೊಳ್ಳಿ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮವೇ ಇರದೆ ಎಷ್ಟೋ ಜನ ವಾಪಸ್ ಬಂದರು. ಕಮ್ಮಿ ಖರ್ಚಿನಲ್ಲಿ ಕ್ರಮವಾಗಿ ಕಲಿಯಬೇಕು ಅನ್ನುವವರಿಗೆ ಅಲ್ಲೇ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಮೊದಲೇ ಅರ್ಜಿ ಹಾಕಬೇಕು. ನಾನು ಖಾಸಗಿಯಾಗಿ ಕಲಿತದ್ದರಿಂದ ಖರ್ಚು ಜಾಸ್ತಿಯಾಯಿತು. ಆದರೆ ಒಬ್ಬ ಗುರು ಕಾಲ ಬುಡದಲ್ಲಿ ಕೂತು ಬೂಟು ಬಿಚ್ಚಿ ನೋಡಿದ್ದಕ್ಕೆ ಆ ದುಡ್ಡು ಹೆಚ್ಚೇನಲ್ಲ. ಹಣ ಉಳಿಸಬೇಕು ಅಂದರೆ ಹೋಟೆಲಿನಲ್ಲಿ ಉಳಿಸಿ, ಜಾಕೆಟ್ ಬಾಡಿಗೆಗೆ ತನ್ನಿ. ಬೂಟು ಮತ್ತು ಉಸ್ತಾದ್, ಈ ಎರಡರಲ್ಲಿ ಬೇಡ.

ಮುಂದಿನ ಫೆಬ್ರವರಿಗೆ ಮತ್ತೆ ಹೊರಟಿದ್ದೇವೆ. ವಿಡಿಯೋ ನೋಡಿದ ಮೇಲೆ ನಮ್ಮ ಮನೆಯವಳೂ ಬರುತ್ತೇನೆ ಅಂದಿದ್ದಾಳೆ. ಮೊನ್ನೆ ರಾತ್ರಿ ಅಂಗಡಿ ಶಟರ್ ಅರ್ಧ ಎಳೆದು, ಅವಳನ್ನು ಗೋಡೆಗೆ ಹಿಮ್ಮಡಿ ಆನಿಸಿ ನಿಲ್ಲಿಸಿ ಅಳತೆ ತೆಗೆದೆ. ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ: ನನ್ನದು 26.5, ಮಗಳದು 24, ಅವಳದು 23.5.