ಪುಣೆ ಟಿಳಕ ರೋಡ್ ಹಿಂದಿನ ಚಷ್ಮಾ ಅಂಗಡಿ: ಪ್ರೋಗ್ರೆಸಿವ್ ಮಾಡಿಸೋರು ಒಮ್ಮೆ ಓದ್ರಿ

ಐದನೇತ್ತಾ ಇದ್ದಾಗಿಂದ ನನಗ ಚಷ್ಮಾ ಅದ, ಈಗ ವಯಸ್ಸು ನಲವತ್ತೇಳು. ಕುಕ್ಕರ್ ಮುಚ್ಚಳಾ ತಗದ ಕೂಡ್ಲೆ ಏನೂ ಕಾಣದಂಗ ಆಗೂದು, ಅಮೃತತುಲ್ಯದ ಚಹಾ ಬಾಯಿಗೆ ಹಿಡದ್ರ ಲೆನ್ಸ್ ಮಂಜಾಗೂದು, ಮಳಿಗಾಲದಾಗ ಆಕ್ಟಿವಾ ಮ್ಯಾಲ ಹೊಂಟ್ರ ಹೆಲ್ಮೆಟ್ಟಿನ ಗ್ಲಾಸಿಗೂ ಹನಿ, ಚಷ್ಮಾಕ್ಕೂ ಹನಿ, ಒಳಗ ಉಸಿರಿನ ಉಗಿ, ದಾಂಡೇಕರ್ ಪೂಲ್ ಹತ್ರ ಸಿಗ್ನಲ್ ಕೆಂಪೈತೋ ಹಸರೈತೋ ತಿಳೀದಂಗ ಆಗೂದು, ಇವೆಲ್ಲಾ ಇಷ್ಟು ವರ್ಷದಾಗ ರೂಢಿ ಆಗಿದ್ವು. ಅದರ ಮ್ಯಾಲ ಈಗ ಚಾಳೀಸು ಬಂತು. ನಂದು ಮೈನಸ್ ಮೂರೂಕಾಲು, ಹಿಂಗಾಗಿ ಒಂದೆರಡು ವರ್ಷ ಚಷ್ಮಾ ತಗದು ಓದಿ ಹೆಂಗೋ ದಿನಾ ದೂಡಿದೆ. ಆದ್ರ ಆಫೀಸಿನ್ಯಾಗ ಕಂಪ್ಯೂಟರ್ ನೋಡಾಕ ಹಾಕ್ಕೋ, ವೋಚರ್ ಓದಾಕ ತಗಿ, ಎದರಿಗೆ ಯಾರರ ಬಂದ್ರ ಮತ್ತ ಹಾಕ್ಕೋ, ದಿನಕ್ಕ ನೂರು ಸಲ ಇದs ಆತು. ಕಡೀಕ ಪ್ರೋಗ್ರೆಸಿವ್, ಅಂದ್ರ ಒಂದs ಲೆನ್ಸಿನ್ಯಾಗ ಮ್ಯಾಲ ದೂರಿಂದು, ನಡುವ ಕಂಪ್ಯೂಟರಿಂದು, ಕೆಳಗ ಓದೂ ನಂಬರ್ ಇರೋ ಚಷ್ಮಾ, ಮಾಡಿಸಬೇಕು ಅಂತ ನಿರ್ಧಾರ ಮಾಡಿದೆ.

ಮೊದಲು ಹೋಗಿದ್ದು ಒಂದು ಮಾಲಿನ ದೊಡ್ಡ ಶೋರೂಮಿಗೆ, ಹೆಸರು ಬ್ಯಾಡ. ಏಸಿ, ಕಾಫಿ, ಟ್ಯಾಬಿನ್ಯಾಗ ಫೋಟೋ ತಗದು ಅಳತಿ, ಹದಿನಾರು ಸಾವಿರ ರೂಪಾಯಿ. ಹೊಚ್ಚ ಹೊಸಾ ಟೆಕ್ನಾಲಜಿ ಅಂತ ಹೇಳಿದ್ರು. ಪ್ರೋಗ್ರೆಸಿವ್ ಅನ್ನೂದು 1959ರಾಗs ಫ್ರಾನ್ಸಿನ್ಯಾಗ ವ್ಯಾರಿಲಕ್ಸ್ ಅನ್ನೋ ಹೆಸರಿಂದ ಮಾರ್ಕೆಟ್ಟಿಗೆ ಬಂದದ, ಅದು ನನಗ ಆಮ್ಯಾಲ ಗೊತ್ತಾತು. ಚಷ್ಮಾ ಕೈಗೆ ಬಂತು, ದೂರಿಂದು ಚೊಲೋ ಕಾಣ್ತಿತ್ತು, ಆದ್ರ ಓದಬೇಕಂದ್ರ ಗದ್ದ ಎತ್ತಿ ಮೂಗಿನ ತುದಿಯಿಂದ ನೋಡಿದಂಗ ನೋಡಬೇಕು. ಹದಿನೈದು ದಿನದಾಗ ಕುತ್ತಿಗಿ ನೋವು ಶುರು ಆತು, ಸಂಜಿಕ ತಲಿ ಹಿಡಕೊಂಡು ಕುಂದರ್ತಿದ್ದೆ. ಮೂರು ಸಲ ಹೋಗಿ ಹೇಳಿದೆ. ಮೂರೂ ಸಲ ಒಂದs ಉತ್ತರ, ನಂಬರ್ ಬರೋಬ್ಬರಿ ಅದ ಮ್ಯಾಡಮ್, ನಿಮಗ ಇನ್ನೂ ರೂಢಿ ಆಗಿಲ್ಲ. ನನ್ನ ಕಣ್ಣs ಸರಿ ಇಲ್ಲೇನೋ ಅಂತ ಅನಸಾಕ ಹತ್ತಿತ್ತು ನೋಡ್ರಿ, ಅದು ಭಾಳ ಬ್ಯಾಸರದ ಮಾತು.

ಆಮ್ಯಾಲ ನಮ್ಮ ಬಾಜೂಮನಿ ವೈನಿ ಹೇಳಿದ್ರು ಅಂತ ಸದಾಶಿವ ಪೇಠದ ಈ ಅಂಗಡಿಗೆ ಬಂದೆ. ಸಣ್ಣ ಅಂಗಡಿ, ಹಳೇ ಕಟ್ಟಿಗಿ ಕಪಾಟು. ಅಂಗಡಿ ನಡಸೋ ಕಾಕಾ ಮರಾಠಿ ಮಂದಿ, ಆದ್ರ ಅವರ ಹತ್ರ ಕೆಲಸಕ್ಕ ಇರೋ ಹುಡುಗ ಅಕ್ಕಲಕೋಟದ ಕಡೆಯವ, ನನ್ನ ಮರಾಠಿ ಕೇಳಿದವನs "ಅಕ್ಕಾರ, ಕನ್ನಡದಾಗ ಹೇಳ್ರಿ" ಅಂದ. ಅರ್ಧಾ ತ್ರಾಸು ಅಲ್ಲೇ ಕಡಿಮಿ ಆತು. ಕಣ್ಣಿನ ತ್ರಾಸು ತಮ್ಮ ಭಾಷಾದಾಗ ಹೇಳಾಕ ಸಿಕ್ಕರ ಆಗೋ ಸಮಾಧಾನನs ಬ್ಯಾರೆ.

ಕಾಕಾ ಮೊದಲು ನನ್ನ ಚಷ್ಮಾ ದೀಪಕ್ಕ ಹಿಡದು ತಿರಗಿಸಿ ತಿರಗಿಸಿ ನೋಡಿದ್ರು. ಪ್ರೋಗ್ರೆಸಿವ್ ಲೆನ್ಸಿನ ಮ್ಯಾಲ ಕಣ್ಣಿಗೆ ಕಾಣದಂಥ ಎರಡು ಸಣ್ಣ ಗುರ್ತು ಕೆತ್ತಿರ್ತಾರಂತ, ನಡುವ 34 ಮಿಲಿಮೀಟರ್ ಅಂತರ, ಕಿವಿ ಕಡೆ ಗುರ್ತಿನ ಕೆಳಗ ಓದೂ ನಂಬರ್ ಎಷ್ಟು ಸೇರಿಸ್ಯಾರ ಅನ್ನೂದೂ ಬರದಿರ್ತದ. ಆ ಗುರ್ತು ಹುಡುಕಿ ಸ್ಕೆಚ್‌ಪೆನ್ನಿಂದ ಚುಕ್ಕಿ ಇಟ್ಟು, ಚಷ್ಮಾ ನನಗ ಹಾಕ್ಸಿ, ಸ್ಟೂಲ್ ಎಳಕೊಂಡು ನನ್ನ ಎದರಿಗೆ ಸರಿಸಮ ಎತ್ತರಕ್ಕ ಕೂತು ನೋಡಿ ಹೇಳಿದ್ರು: ಲೆನ್ಸ್ ನಾಕು ಮಿಲಿಮೀಟರ್ ಕೆಳಗ ಕೂತದ, ಹಿಂಗಾಗಿ ಓದೂ ಭಾಗ ಇನ್ನೂ ಕೆಳಗ ಹೋಗ್ಯದ, ತಾಈ ಗದ್ದ ಎತ್ತದ ಏನು ಮಾಡ್ತಾರ. ನಾಕು ಮಿಲಿಮೀಟರ್! ಅದಕ್ಕ ನಾನು ಒಂದೂವರೆ ತಿಂಗಳು ಕುತ್ತಿಗಿಗೆ ಬಾಮ್ ಹಚ್ಚಿದ್ದೆ.

ಹೊಸ ಫ್ರೇಮು ಹೊಸ ಲೆನ್ಸು ಸೇರಿ 8,600 ಆತು. ಮೊದಲು ಫ್ರೇಮಿನ ಕಡ್ಡಿ, ಮೂಗಿನ ಪ್ಯಾಡು ನನ್ನ ಮಾರಿಗೆ ಸರಿಮಾಡಿ ಕೂಡ್ಸಿ, ಆಮ್ಯಾಲs ಅಳತಿ ತಗೊಂಡ್ರು. ಮೂಗಿನ ನಡುವಿಂದ ಕಣ್ಣಿನ ಪಾಪಿ ತನಕ ಎರಡೂ ಕಣ್ಣಿಂದು ಬ್ಯಾರೆ ಬ್ಯಾರೆ ಅಳದ್ರು, ನಂದು ಎಡಗಡೆ 30, ಬಲಗಡೆ 31.5 ಮಿಲಿಮೀಟರ್ ಬಂತು. ಸರದಾಡೂ ಫ್ರೇಮಿನ ಮ್ಯಾಲ ಎಂಥಾ ಭಾರಿ ಲೆನ್ಸ್ ಹಾಕಿದ್ರೂ ಉಪಯೋಗಿಲ್ಲ ಅಂದ್ರು, ಹದಿನಾರು ಸಾವಿರ ಕೊಟ್ಟ ಮ್ಯಾಲ ನನಗ ಈ ಮಾತು ಪೂರ್ತಿ ಖರೆ ಅನಸ್ತದ. ಹೆಲ್ಮೆಟ್ ಹಾಕ್ಕೋತೀನಿ ಅಂತ ಹೇಳಿದ್ದಕ್ಕ ತೆಳ್ಳನ, ನೆಟ್ಟಗಿರೋ ಕಡ್ಡಿಯ ಫ್ರೇಮs ತೋರಿಸಿದ್ರು, ಕಿವಿ ಮ್ಯಾಲಿನ ಒತ್ತು ಈಗ ಇಲ್ಲs ಇಲ್ಲ. ನಾನು ಬ್ಲೂ ಕಟ್, ಅಂದ್ರ ಸ್ಕ್ರೀನಿನ ನೀಲಿ ಬೆಳಕು ತಡಿಯೂ ಲೆನ್ಸ್, ಹಾಕ್ರಿ ಅಂದೆ. ಹೆಚ್ಚಿಗಿ ರೊಕ್ಕಾ ಬರೂದಿತ್ತು ಅವರಿಗೆ, ಆದ್ರೂ ಬ್ಯಾಡ ಅಂದ್ರು. ಮನಿಗೆ ಬಂದು ಹುಡುಕಿದೆ, 2023ರಾಗ ಕಾಕ್ರೇನ್ ಅನ್ನೋ ಸಂಸ್ಥೆ 17 ಪ್ರಯೋಗ ಒಟ್ಟುಗೂಡಿಸಿ ನೋಡಿದ್ರ, ಸ್ಕ್ರೀನಿಂದ ಕಣ್ಣು ದಣಿಯೂದು ಅದರಿಂದ ಕಡಿಮಿ ಆಗೂದು ಕಂಡಿಲ್ಲ.

ಇನ್ನೊಂದು, ಮೆಟ್ಟಲಾ ಇಳಿಯೂಮುಂದ ಕೆಳಗಿಂದು ಮಸುಕು ಕಾಣೂದು, ಬಾಜೂಕ ಸ್ವಲ್ಪ ಅಲುಗಾಡಿದಂಗ ಆಗೂದು, ಇದು ಎಂಥಾ ಪ್ರೋಗ್ರೆಸಿವ್ ಹಾಕಿದ್ರೂ ಇರೂದs, ಗದ್ದ ತಗ್ಗಿಸಿ ಮ್ಯಾಲಿನ ಭಾಗದಿಂದ ನೋಡ್ರಿ ಅಂತ ರೊಕ್ಕಾ ತಗೊಳ್ಳೂ ಮೊದಲs ಹೇಳಿದ್ರು. ಮಾಲಿನ್ಯಾಗ ಇದನ್ನ ಯಾರೂ ಹೇಳಿರ್ಲಿಲ್ಲ.

ನನ್ನ ಹಳೇ ಮೆಟಲ್ ಚಷ್ಮಾದ ಪ್ಯಾಡ್ ಹಸಿರುಗಟ್ಟಿತ್ತು. ಫ್ರೇಮಿನ ಧಾತುವಿನ್ಯಾಗ ತಾಮ್ರ ಇದ್ರ ಬೆವರು ತಾಗಿ ಹಂಗಾಗ್ತದಂತ. ತೊಳದು ಹೊಸ ಪ್ಯಾಡ್ ಹಾಕಿ ಕೊಟ್ರು, ರೊಕ್ಕಾ ತಗೊಳ್ಳಿಲ್ಲ. ಸೆರಗಿಂದ ಒಣಾ ಒಣಾ ಒರಸೂದು ಮಾತ್ರ ಬಿಡ್ರಿ ಅಂತ ಬೈದ್ರು, ಧೂಳಿನ ಕಣs ಗೆರಿ ಕೊರೀತಾವ, ನಳದ ತಣ್ಣೀರಾಗ ಒಂದು ಹನಿ ಪಾತ್ರಿ ತೊಳೆಯೂ ಲಿಕ್ವಿಡ್ ಹಾಕಿ ತೊಳದು ಮೆತ್ತನ ಅರಬಿಯಿಂದ ಒತ್ತಬೇಕು. ರೊಟ್ಟಿ ಬಡಿಯೂಮುಂದ ಹೆಂಚಿನ ಮ್ಯಾಲ ಬಗ್ಗೂದೂ ಬ್ಯಾಡ, ಬಿಸಿಗೆ ಕೋಟಿಂಗ್ ಬಿರಕ ಬಿಡ್ತದ.

ಕೊರತಿ ಇಲ್ಲಂತಲ್ಲ. ಚಷ್ಮಾ ಕೈಗೆ ಬರಾಕ ಎಂಟು ದಿನ ಆತು, ನಡುವ ಫೋನ್ ಮಾಡಿದ್ರ ಯಾರೂ ಎತ್ತಲಿಲ್ಲ. ಒಂದರಿಂದ ನಾಕರ ತನಕ ಬಂದ್, ನಾನು ರಜಾ ಹಾಕಿ ಎರಡಕ್ಕ ಹೋಗಿ ಬಿಸಲಾಗ ನಿಂತು ವಾಪಸ್ ಬಂದೀನಿ. ಫ್ರೇಮ್ ಭಾಳ ಇಲ್ಲ, ಕಾಲೇಜ್ ಹುಡುಗರಿಗೆ ಹಿಡಸೂದು ಕಷ್ಟ. ಪಾರ್ಕಿಂಗ್ ಅಂತೂ ಕೇಳಬ್ಯಾಡ್ರಿ. ಅದಕ್ಕs ಐದರಾಗ ನಾಕು ಸ್ಟಾರ್.

ಪಕ್ಕಾ ಬಿಲ್ ಕೊಡ್ತಾರ, 2025ರ ಸೆಪ್ಟೆಂಬರ್ 22ರಿಂದ ನಂಬರಿನ ಚಷ್ಮಾದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳದದ, ಬಿಲ್ಲಿನ್ಯಾಗ ಬರೋಬ್ಬರಿ ಅಷ್ಟs ಇತ್ತು. ನೀವು ಹೋಗೂದಾದ್ರ ಸಂಜಿ ಐದರ ಸುಮಾರು ಹೋಗ್ರಿ, ಹಳೇ ಚಷ್ಮಾ ಒಯ್ಯರಿ, ಗಾಡಿ ಹೊಡಿಯೋರಿದ್ರ ಹೆಲ್ಮೆಟ್ಟೂ ಒಳಗ ತಗೊಂಡು ಹೋಗ್ರಿ, ಅದನ್ನ ಹಾಕ್ಸಿ ನೋಡೇ ಕಡ್ಡಿ ಬಗ್ಗಿಸ್ತಾರ.