ಮಾತಾಡೋ ಚೆನ್ನಮ್ಮ, ಬರೆದಿಟ್ಟ ಚೆನ್ನಮ್ಮ

ಮಕ್ಕಳು ಆಟದಲ್ಲೇ ಕಲಿಯೋಕೆ ತಾನಾಗೇ ಮಾತಾಡೋ ಎಐ ಪಾತ್ರ ವಾಸಿಯೋ, ಮಾತು ಮೊದಲೇ ಬರೆದಿಟ್ಟ ಪಾತ್ರ ವಾಸಿಯೋ ಅಂದರೆ, ನನ್ನ ವೋಟು ಮಕ್ಕಳೇ ಬ್ಲಾಕ್ ಜೋಡಿಸಿ ಆಟ ಮಾಡೋ ಸಾಫ್ಟ್‌ವೇರ್ ಸ್ಕ್ರ್ಯಾಚ್‌ನಲ್ಲಿ ಮನೆಯಲ್ಲೇ ಮಾಡಿಕೊಂಡ ಪಾತ್ರಕ್ಕೆ. ಎಐ ಪಾತ್ರಗಳಿರೋ ಇತಿಹಾಸದ ಗೇಮ್‌ಗೆ ವರ್ಷದ ಚಂದಾ ಕಟ್ಟಿ ಆಗಿದೆ, ಮುಗಿಯೋವರೆಗೆ ಇರ್ಲಿ ಅಂತ ಇಟ್ಟುಕೊಂಡಿದ್ದೀವಿ ಅಷ್ಟೇ.

ಅದರಲ್ಲಿ ಯಾವ ರಾಜ, ರಾಣಿಯನ್ನು ಬೇಕಾದರೂ ಕನ್ನಡದಲ್ಲೇ ಮಾತಾಡಿಸಬಹುದು. ನಾವಿರೋದು ಸಾಗರ, ಕೆಳದಿ ಇಲ್ಲೇ ಪಕ್ಕದಲ್ಲಿ. ಹಾಗಾಗಿ ಮಗಳು ಕರೆದದ್ದು ಕೆಳದಿ ಚೆನ್ನಮ್ಮನನ್ನೇ. 1689ರಲ್ಲಿ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದು, ಔರಂಗಜೇಬನ ಸೈನ್ಯ ಎದುರಿಸಿದ್ದು, ಎಲ್ಲ ಚೆನ್ನಾಗೇ ಹೇಳ್ತು. ಅಷ್ಟರಲ್ಲಿ ‘ಥ್ಯಾಕರೆಗೆ ಕಪ್ಪ ಕೊಡಲ್ಲ ಅಂದೆ’ ಅಂತ ಶುರು! ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು 1824ರಲ್ಲಿ, ಕಿತ್ತೂರಲ್ಲಿ. ‘ಅದು ಕಿತ್ತೂರು ಚೆನ್ನಮ್ಮ ಅಲ್ವಾ?’ ಅಂತ ಮಗಳು ಕೇಳಿದ್ದಕ್ಕೆ ‘ಕ್ಷಮಿಸು, ನೀನು ಹೇಳಿದ್ದೇ ಸರಿ’ ಅಂತು. ನಾನು ಬೇಕಂತಲೇ ‘ಇಲ್ಲ, ಥ್ಯಾಕರೆ ಕೆಳದಿಗೇ ಬಂದಿದ್ದ’ ಅಂತ ಟೈಪ್ ಮಾಡಿದೆ. ಅದಕ್ಕೂ ‘ನೀನು ಹೇಳಿದ್ದೇ ಸರಿ’.

ಚೆನ್ನಮ್ಮ ಅಂದ ಕೂಡಲೇ ಅದು ಓದಿರೋ ರಾಶಿಯಲ್ಲಿ ಕಿತ್ತೂರಿನ ಕತೆಯೇ ಹೆಚ್ಚಿರಬೇಕು. ನಮ್ಮೂರ ವಿಷಯ, ಸಿಕ್ಕಿಬಿತ್ತು. ಈಜಿಪ್ಟಿನ ರಾಣಿ ಹೀಗೆ ಬಿಟ್ಟರೆ ಹಿಡಿಯೋದು ಯಾರು?

ಮಳೆಗಾಲದ ಪಾಡಂತೂ ಕೇಳಬೇಡಿ. ಒಂದೊಂದು ಮಾತಿಗೂ ಅದು ಸರ್ವರ್‌ಗೆ ಹೋಗಿ ಬರಬೇಕು. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಕೈಕೊಡುತ್ತೆ.

ಮೈನ್‌ಕ್ರಾಫ್ಟ್ ಎಜುಕೇಶನ್‌ನಲ್ಲೂ ಎನ್‌ಪಿಸಿಗಳಿಗೆ (ಯಾರೂ ಆಡಿಸದ, ಆಟದೊಳಗಿನ ಪಾತ್ರಗಳಿಗೆ) ನಾವೇ ಮಾತು ಬರೆದಿಡಬಹುದು. ಆದರೆ ನಮ್ಮ ಹಳೇ ಲ್ಯಾಪ್‌ಟಾಪ್ ಅದನ್ನ ಎಳೆಯಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಕ್ರ್ಯಾಚ್‌ಗೆ ದುಡ್ಡಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ಟೂ ಬೇಡ. ನಮ್ಮ ಚೆನ್ನಮ್ಮನಿಗೆ ಗೊತ್ತಿರೋದು ಮಗಳು ಬರೆದಿಟ್ಟಷ್ಟೇ, ಬರೆಯೋಕೆ ಅವಳು ಮೊದಲು ಓದಲೇಬೇಕು. ಅರ್ಧ ಕಲಿಕೆ ಅಲ್ಲೇ ಆಗಿಹೋಯ್ತು. ಕಿರಿಕಿರಿ ಇಲ್ಲೂ ಇದೆ, ಚೆನ್ನಮ್ಮ ಕೇಳೋ ಪ್ರಶ್ನೆಗೆ ಉತ್ತರ ಅಕ್ಷರಕ್ಕೆ ಅಕ್ಷರ ಕೂಡಬೇಕು. ರಾಜಧಾನಿ ‘ಬಿದನೂರು’ ಅಂತ ಇಟ್ಟಿದ್ದಳು. ಅವಳ ತಮ್ಮ ‘ಬಿದನೂರ’ ಅಂತ ಹೊಡೆದ, ತಪ್ಪು ಅಂತು. ‘ನಗರ’ ಅಂದ, ಮತ್ತೆ ತಪ್ಪು. ಹೊಸನಗರದ ಹತ್ತಿರದ ನಗರವೇ ಹಳೇ ಬಿದನೂರು ತಾನೇ ಅಂತ ಇಬ್ಬರಿಗೂ ಜಗಳ. ಕೊನೆಗೆ ‘ಅಥವಾ’ ಬ್ಲಾಕ್ ಹಾಕಿ ಮೂರನ್ನೂ ಸೇರಿಸಿದಳು.

ಇಂಗ್ಲಿಷ್ ಮಾತಾಡಿ ರೂಢಿ ಮಾಡಿಕೊಳ್ಳೋಕೆ ಮಾತ್ರ ಎಐ ಪಾತ್ರವೇ ವಾಸಿ. ಅಂಗಡಿಯವನ ಜೊತೆ ಚೌಕಾಸಿ ಮಾಡೋ ಆಟದಲ್ಲಿ ಇಸವಿ ತಪ್ಪೋ ಭಯ ಇಲ್ಲ, ಎಷ್ಟು ಸಲ ತಡವರಿಸಿದರೂ ಅದಕ್ಕೆ ಬೇಸರವೂ ಇಲ್ಲ. ಅಷ್ಟಕ್ಕೇ ಇನ್ನೊಂದು ವರ್ಷ ದುಡ್ಡು ಕಟ್ಟೋದು ನನ್ನ ಕೈಲಾಗಲ್ಲ. ಆಟೋಪೇ ಆಫ್ ಮಾಡಿಟ್ಟಿದ್ದೀನಿ.