ಹೆಸರು ಮುಚ್ಚಿಟ್ಟು ಕ್ರಿಕೆಟ್ ಹರಟೆ: ದಾವಣಗೆರೆಯಲ್ಲಿ ಟೆಲಿಗ್ರಾಂ ಗ್ರೂಪ್ ಎಷ್ಟು ಬಾಳುತ್ತೆ?

ಟೆಲಿಗ್ರಾಂನಲ್ಲಿ ಫೋನ್ ನಂಬರ್ ಎದುರು ‘ನೋಬಡಿ’ ಒತ್ತಿದ ಕೂಡಲೇ ತಾನು ಯಾರಂತ ಊರಿಗೆ ಗೊತ್ತಾಗಲ್ಲ ಅಂತ ನಂಬಿದವರು ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ‘ಕವರ್ ಡ್ರೈವ್’ ಅಂತ ಹೆಸರಿಟ್ಟುಕೊಂಡು, ಡಿಪಿಗೆ ಹುಲಿ ಫೋಟೋ ಹಾಕಿ, ಡೆತ್ ಓವರ್‌ನಲ್ಲಿ ಫುಲ್‌ಟಾಸ್ ಹಾಕಿದ ಬೌಲರ್‌ನ ವಂಶವನ್ನೇ ಜಾಲಾಡ್ತಾರೆ. ಅದೇ ಮೆಸೇಜು ಮಂಡಿಪೇಟೆಯ ಯಾರದೋ ಫೋನಿನಲ್ಲಿ ‘ಮಂಜಣ್ಣ ಗ್ಯಾಸ್ ಏಜೆನ್ಸಿ’ ಅನ್ನೋ ಹೆಸರಲ್ಲಿ ಬಂದು ಕೂತಿರುತ್ತೆ. ಕಾರಣ ಸರಳ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಟೆಲಿಗ್ರಾಂ ನೀವಿಟ್ಟ ಹೆಸರು ತೋರಿಸೋದಿಲ್ಲ, ಅವರು ಸೇವ್ ಮಾಡಿದ ಹೆಸರು ತೋರಿಸುತ್ತೆ. ಬೆಂಗಳೂರಿನಂಥ ಊರಲ್ಲಿ ಇದು ದೊಡ್ಡ ವಿಷಯ ಅಲ್ಲ. ಪಿ.ಜೆ. ಬಡಾವಣೆಯಿಂದ ವಿದ್ಯಾನಗರದ ತನಕ ಎಲ್ಲರ ಹತ್ರ ಎಲ್ಲರ ನಂಬರೂ ಇರೋ ಊರಲ್ಲಿ ಇದೇ ಎಲ್ಲದಕ್ಕಿಂತ ದೊಡ್ಡ ವಿಷಯ.

ಗ್ರೂಪಿಗೆ ಎರಡು ಲಕ್ಷ ಜನ ಹಿಡಿಸುತ್ತೆ, ದೊಡ್ಡ ಫೈಲ್ ಹೋಗುತ್ತೆ ಅನ್ನೋದೆಲ್ಲ ಗೊತ್ತಿರೋದೇ, ಅದನ್ನ ಬಿಡ್ತೀನಿ. ದಾವಣಗೆರೆ, ಚಿತ್ರದುರ್ಗದ ಕಡೆಯ ಕ್ರಿಕೆಟ್ ಹುಚ್ಚರು ಕೆಲವು ನೂರು ಮಂದಿ ಸೇರಿ ಸೀಸನ್‌ಗಟ್ಟಲೆ ಹರಟೋದಕ್ಕೆ ಇದು ಹೇಗೆ ಒದಗುತ್ತೆ ಅನ್ನೋದಷ್ಟೇ ಇಲ್ಲಿನ ಮಾತು.

ಮೊದಲು ಮುಖವಾಡ ಸರಿಯಾಗಿ ಕಟ್ಟಿಕೊಳ್ಳೋದು. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಫೋನ್ ನಂಬರ್. ‘ನೋಬಡಿ’ ಆರಿಸಿದ ಮೇಲೆ ಕೆಳಗೆ ಇನ್ನೊಂದು ಪ್ರಶ್ನೆ ತೆರೆದುಕೊಳ್ಳುತ್ತೆ: ನಂಬರ್ ಇದ್ದವರು ನಿಮ್ಮನ್ನ ಹುಡುಕಬಹುದಾ? ಬಹಳ ಜನ ಸ್ಕ್ರೋಲ್ ಮಾಡದೆ ಬಿಡೋದು ಇದನ್ನೇ. ಅದು ‘ಎವ್ರಿಬಡಿ’ ಅಂತ ಉಳಿದರೆ ಮೇಲೆ ಒತ್ತಿದ ‘ನೋಬಡಿ’ಗೆ ಅರ್ಧ ಬೆಲೆ, ಅದನ್ನ ‘ಮೈ ಕಾಂಟ್ಯಾಕ್ಟ್ಸ್’ ಮಾಡಬೇಕು. ಆಮೇಲೆ ಸಿಂಕ್ ಕಾಂಟ್ಯಾಕ್ಟ್ಸ್ ಆಫ್ ಮಾಡಿ, ಸಿಂಕ್ ಆಗಿದ್ದ ಕಾಂಟ್ಯಾಕ್ಟ್‌ಗಳನ್ನ ಅಳಿಸಿ. ಫಾರ್ವರ್ಡೆಡ್ ಮೆಸೇಜಸ್ ‘ನೋಬಡಿ’ ಮಾಡಿದರೆ ನಿಮ್ಮ ಮಾತನ್ನ ಇನ್ನೊಂದು ಗ್ರೂಪಿಗೆ ದಾಟಿಸಿದಾಗ ಹೆಸರಷ್ಟೇ ಹೋಗುತ್ತೆ, ಒತ್ತಿದರೆ ಪ್ರೊಫೈಲ್ ತೆರೆಯೋದಿಲ್ಲ. ಕಾಲ್ಸ್ ಒಳಗಿನ ಪೀರ್ ಟು ಪೀರ್ ಕೂಡ ‘ನೋಬಡಿ’, ಇಲ್ಲದಿದ್ದರೆ ಕರೆ ಮಾಡಿದಾಗ ಎದುರಿನವರಿಗೆ ನಿಮ್ಮ ಐಪಿ ವಿಳಾಸ ಸಿಗಬಹುದು. ಗ್ರೂಪಿನ ಯಾರನ್ನಾದರೂ ಕಾಂಟ್ಯಾಕ್ಟ್‌ಗೆ ಸೇರಿಸುವಾಗ ‘ಶೇರ್ ಮೈ ಫೋನ್ ನಂಬರ್’ ಅನ್ನೋ ಚೌಕದಲ್ಲಿ ಟಿಕ್ ಇರುತ್ತೆ, ಅದನ್ನ ತೆಗೀದೆ ಡನ್ ಒತ್ತಿದರೆ ಮುಗೀತು, ನಂಬರನ್ನ ನೀವೇ ಕೈಗಿಟ್ಟ ಹಾಗೆ.

ಇಷ್ಟು ಮಾಡಿದರೂ ಈಗಾಗಲೇ ನಿಮ್ಮನ್ನ ಕಾಂಟ್ಯಾಕ್ಟ್ ಮಾಡಿಕೊಂಡವರ ಫೋನಲ್ಲಿ ಹಳೇ ಹೆಸರು ಹಾಗೇ ಇರುತ್ತೆ. ಅದಕ್ಕೆ ಇರೋ ಸುಲಭದ ದಾರಿ, ಊರಲ್ಲಿ ಯಾರಿಗೂ ಕೊಡದ ಎರಡನೇ ಸಿಮ್. ರೀಚಾರ್ಜ್ ನಿಂತು ಆ ನಂಬರ್ ಬೇರೆಯವರಿಗೆ ಹಂಚಿಕೆಯಾದರೆ ಲಾಗಿನ್ ಒಟಿಪಿಯೂ ಅವರಿಗೇ ಹೋಗುತ್ತೆ, ಹಾಗಾಗಿ ಟೂ ಸ್ಟೆಪ್ ವೆರಿಫಿಕೇಶನ್ ಪಾಸ್‌ವರ್ಡ್ ಇಡಲೇಬೇಕು. ಬರೀ ಹರಟೆಗೋಸ್ಕರ ತಿಂಗಳು ತಿಂಗಳು ಇನ್ನೊಂದು ಸಿಮ್ ಸಾಕೋದು ನನ್ನ ಪ್ರಕಾರ ದಂಡ.

ಇನ್ನು ಸುಖದ ಭಾಗ. ಐಪಿಎಲ್ ಸಂಜೆ ಏಳಕ್ಕೆ ಟಾಸ್, ಏಳೂವರೆಗೆ ಮೊದಲ ಚೆಂಡು. ಈ ಅರ್ಧ ಗಂಟೆಯಲ್ಲಿ ಅಡ್ಮಿನ್ ಮೂರು ಕೆಲಸ ಮುಗಿಸಬೇಕು: ಗೆಲ್ಲೋದು ಯಾರು ಅಂತ ಪೋಲ್, ಸ್ಲೋ ಮೋಡ್, ಪಿನ್ ಮಾಡಿದ ಒಂದು ಸಾಲಿನ ನಿಯಮ. ಪೋಲ್ ತಾನಾಗೇ ಅನಾಮಿಕವಾಗಿರುತ್ತೆ, ಯಾರು ಯಾವುದಕ್ಕೆ ಒತ್ತಿದರು ಅಂತ ಅಡ್ಮಿನ್‌ಗೂ ಕಾಣಲ್ಲ. 2020ರಿಂದ ಹೆಸರು ಕಾಣೋ ಪೋಲ್ ಕೂಡ ಇದೆ. ಒಂದೇ ಪಂದ್ಯಕ್ಕೆ ಎರಡನ್ನೂ ಹಾಕಿ ನೋಡಿ. ಹೆಸರು ಕಾಣೋದರಲ್ಲಿ ಎಲ್ಲರೂ ಆರ್‌ಸಿಬಿ. ಕಾಣದೇ ಇರೋದರಲ್ಲಿ ಎದುರಾಳಿಗೂ ಗಟ್ಟಿ ವೋಟು ಬಿದ್ದಿರುತ್ತೆ, ಅದೂ ಪ್ರೊಫೈಲಲ್ಲಿ ಕೆಂಪು ಬಾವುಟ ಹಾಕಿಕೊಂಡವರಿಂದಲೇ ಅನ್ನೋದು ನನ್ನ ಅನುಮಾನ.

ಸ್ಲೋ ಮೋಡ್ ಅಂದರೆ ಒಂದು ಮೆಸೇಜಿಗೂ ಇನ್ನೊಂದಕ್ಕೂ ನಡುವೆ ಕಾಯಿಸೋದು, ಕೆಲವೇ ಸೆಕೆಂಡಿನಿಂದ ಒಂದು ಗಂಟೆ ತನಕ ಇಡಬಹುದು, ಅಡ್ಮಿನ್‌ಗಳಿಗೆ ಅದು ತಾಗೋದಿಲ್ಲ. ಪಂದ್ಯಕ್ಕೆ 30 ಸೆಕೆಂಡು ಸರಿ. ಒಂದು ನಿಮಿಷ ಮಾಡಿದರೆ ಸಿಕ್ಸರ್ ಹೋಗಿ ವಿಕೆಟ್ ಬಿದ್ದ ಮೇಲೆ ಸಿಕ್ಸರ್‌ನ ಚಪ್ಪಾಳೆ ಬರುತ್ತೆ. 10 ಸೆಕೆಂಡಿಗೆ ಇಳಿಸಿದರೆ ಕೋಪ ತಣ್ಣಗಾಗೋಕೆ ಪುರುಸೊತ್ತೇ ಸಿಗೋದಿಲ್ಲ.

ಆ ಒಂದು ಸಾಲಿನ ನಿಯಮ ಇದು: ವಿಕೆಟ್ ಬಿದ್ದದ್ದನ್ನ ಸ್ಪಾಯ್ಲರ್ ಹಾಕಿ ಬರೀರಿ. ಡಿಶ್‌ನಲ್ಲಿ ನೋಡೋರಿಗೆ ಚೆಂಡು ಮೊದಲು ಬರುತ್ತೆ. ಮೊಬೈಲ್ ಆ್ಯಪ್‌ನಲ್ಲಿ ವಿಡಿಯೋ ತುಂಡು ತುಂಡಾಗಿ ಬಂದು, ಬಫರ್ ಆಗಿ, ಆಮೇಲೆ ಓಡೋದರಿಂದ ಅರ್ಧ ನಿಮಿಷದ ತನಕ ತಡ ಆಗಬಹುದು. ಬೌಲರ್ ಇನ್ನೂ ರನ್‌ಅಪ್‌ನಲ್ಲಿರುವಾಗಲೇ ‘ಔಟ್ ಲೇ’ ಅಂತ ಬಂದರೆ ಜಗಳ ಗ್ಯಾರಂಟಿ. ಪದದ ಹಿಂದೆ ಎರಡು, ಮುಂದೆ ಎರಡು ನಿಂತ ಗೆರೆ (||) ಹಾಕಿ ಕಳಿಸಿದರೆ ಮಾತು ಪುಡಿಪುಡಿ ಚುಕ್ಕೆಯೊಳಗೆ ಅಡಗುತ್ತೆ, ನೋಟಿಫಿಕೇಶನ್‌ನಲ್ಲೂ ಕಾಣಲ್ಲ. ಮುಟ್ಟಿದರೆ ಚುಕ್ಕೆಗಳು ಚದುರಿ ‘ಬೌಲ್ಡ್’ ಅಂತ ತೆರೆದುಕೊಳ್ಳುತ್ತೆ. ಆ್ಯಪ್‌ನಲ್ಲಿ ನೋಡೋರು ತಮ್ಮ ಫೋನಲ್ಲಿ ಚೆಂಡು ಬಿದ್ದ ಮೇಲೆ ಒಂದೊಂದಾಗಿ ಮುಟ್ಟುತ್ತಾ ಬರ್ತಾರೆ. ಇಷ್ಟು ಚಿಕ್ಕ ಸೌಕರ್ಯಕ್ಕೆ ಇಷ್ಟು ಖುಷಿ ಕೊಡೋ ಆ್ಯಪ್ ನಾನು ಬೇರೆ ಕಂಡಿಲ್ಲ.

ಅದಕ್ಕಿಂತ ದೊಡ್ಡ ಖುಷಿ, ಬಾಯಿ ಬಿಡದವರು ಬಾಯಿ ಬಿಡೋದು. ವಾಟ್ಸ್ಆ್ಯಪ್ ಗ್ರೂಪಲ್ಲಿ ಪ್ರತಿಯೊಬ್ಬರ ನಂಬರೂ ಎಲ್ಲರಿಗೂ ಕಾಣೋದರಿಂದ ಹೆಣ್ಣುಮಕ್ಕಳು ಸೇರಲ್ಲ, ಮೇಲಧಿಕಾರಿ ಇರೋ ಗ್ರೂಪಲ್ಲಿ ಗುಮಾಸ್ತರು ಮಾತಾಡಲ್ಲ. ಅಡ್ಡಹೆಸರಿನ ಗ್ರೂಪಲ್ಲಿ ಹೈಸ್ಕೂಲ್ ಮೈದಾನದ ಟೆನಿಸ್ ಬಾಲ್ ಟೂರ್ನಿಗಳಿಗೆ ಸ್ಕೋರ್ ಬರೆದು ಪಳಗಿದ ಕೈಗಳು ಹೊರಗೆ ಬರ್ತವೆ. ಮಳೆ ಬಂದಾಗ ಡಕ್‌ವರ್ತ್ ಲೂಯಿಸ್ ಗುರಿ ಯಾಕೆ ಏರಿತು ಅಂತ, ಉಳಿದ ವಿಕೆಟ್ಟು, ಉಳಿದ ಓವರು ಇಟ್ಟುಕೊಂಡು ನಾಲ್ಕು ಸಾಲಲ್ಲಿ ಬಿಡಿಸಿ ಹೇಳ್ತಾರೆ. ವಿನಯ್ ಕುಮಾರ್ ಬಗ್ಗೆ ಈ ಊರಲ್ಲಿ ಸ್ವಂತ ಹೆಸರಲ್ಲಿ ಯಾರೂ ಎದುರು ಮಾತಾಡಲ್ಲ, ‘ದಾವಣಗೆರೆ ಎಕ್ಸ್‌ಪ್ರೆಸ್’ ಅಂದರೆ ಮನೆ ಮಗ. 2013ರ ನವೆಂಬರ್ 2ರಂದು ಬೆಂಗಳೂರಲ್ಲಿ ಆಸ್ಟ್ರೇಲಿಯಾ ಎದುರು ಒಂಬತ್ತು ಓವರಿಗೆ 102 ರನ್ ಹೋದದ್ದು ಯಾಕೆ, ಅದೇ ಬೌಲರ್ ನಾಯಕನಾಗಿ 2013-14, 2014-15 ಎರಡೂ ವರ್ಷ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದದ್ದು ಹೇಗೆ ಅಂತ ಎರಡನ್ನೂ ಒಟ್ಟಿಗಿಟ್ಟು ಬೈಗುಳ ಇಲ್ಲದೆ ಚರ್ಚೆ ಆಗೋದು ಇಂಥ ಗ್ರೂಪಲ್ಲಿ ಮಾತ್ರ.

ಈವರೆಗಿನದಕ್ಕೆ ಐದಕ್ಕೆ ಐದು. ಸೋತ ರಾತ್ರಿ ಬಂದಾಗ ಅಂಕ ಇಳಿಯೋಕೆ ಶುರು.

ಗೆದ್ದ ದಿನ ‘ನಾವು ಗೆದ್ವಿ’, ಸೋತ ದಿನ ‘ಅವರು ಸೋತ್ರು’. ಇದನ್ನ 1976ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಲ್ಲಿ ನೋಡಿ ದಾಖಲಿಸಿದ್ದಾರೆ, ತಂಡ ಗೆದ್ದ ಮೇಲೆ ಕಾಲೇಜಿನ ಹೆಸರಿರೋ ಅಂಗಿ ತೊಟ್ಟು ಬರೋರು ಜಾಸ್ತಿ ಆಗ್ತಿದ್ದರು. ಮೊಬೈಲಲ್ಲಿ ಅಂಗಿ ಬದಲಿಸೋದು ಇನ್ನೂ ಸಲೀಸು. ಟೆಲಿಗ್ರಾಂನಲ್ಲಿ ಹೆಸರು, ಫೋಟೋ, ಯೂಸರ್‌ನೇಮ್ ಮೂರನ್ನೂ ಬದಲಿಸಬಹುದು, ಗ್ರೂಪಿನವರಿಗೆ ಸುಳಿವೂ ಸಿಗಲ್ಲ. ‘ಕಿಂಗ್ ಫ್ಯಾನ್’ ಅಂತ ಇದ್ದದ್ದು ಹದಿನೆಂಟನೇ ಓವರಿಗೆ ‘ಸತ್ಯವಾದಿ’ ಆಗಿ ಅದೇ ಆಟಗಾರನ ಹೆಂಡತಿ ಮಕ್ಕಳ ತನಕ ಹೋಗುತ್ತೆ.

ಇದಕ್ಕೆ ಎಲ್ಲರೂ ಕೊಡೋ ಔಷಧ ಒಂದೇ: ಸ್ವಂತ ಹೆಸರು, ಆಧಾರ್ ಕಡ್ಡಾಯ ಮಾಡಿ. ಅದು ಕೆಲಸ ಮಾಡಲ್ಲ. 2021ರ ಯೂರೋ ಫೈನಲ್ ಸೋತ ಮೇಲೆ ಇಂಗ್ಲೆಂಡಿನ ಕಪ್ಪು ಆಟಗಾರರ ಮೇಲೆ ಜನಾಂಗೀಯ ಬೈಗುಳ ಸುರಿದವಲ್ಲ, ಆ ಟೂರ್ನಿಯಲ್ಲಿ ಶಾಶ್ವತವಾಗಿ ತೆಗೆದುಹಾಕಿದ ಖಾತೆಗಳಲ್ಲಿ 99 ಶೇಕಡಾ ಮಂದಿ ಗುರುತು ಸಿಗುವವರೇ ಅಂತ ಟ್ವಿಟರ್ ತಾನೇ ಹೇಳಿತ್ತು. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ತಾಣಗಳಿಗೆ ನಿಜಹೆಸರು ಕಡ್ಡಾಯ ಮಾಡಿ ನೋಡಿತು. 2011ರಲ್ಲಿ ಅಲ್ಲಿನ ಒಂದು ಕಂಪನಿಯಿಂದ ಸುಮಾರು ಮೂರೂವರೆ ಕೋಟಿ ಜನರ ವಿವರ ಕಳುವಾಯಿತು, 2012ರಲ್ಲಿ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ರದ್ದು ಮಾಡಿತು. ನಮ್ಮಲ್ಲೂ 2021ರಲ್ಲಿ ಶಮಿಯನ್ನ, 2022ರಲ್ಲಿ ಕ್ಯಾಚ್ ಬಿಟ್ಟ ಅರ್ಷದೀಪ್‌ನನ್ನ ಬೈದವರಲ್ಲಿ ಮುಖ ತೋರಿಸಿಕೊಂಡೇ ಬೈದವರಿಗೆ ಬರವಿರಲಿಲ್ಲ.

ಮುಚ್ಚಿದ ಹೆಸರು ಇಲ್ಲಿ ಕೆಡುಕಲ್ಲ, ಬಿಸಾಡೋ ಹೆಸರು ಕೆಡುಕು. ನಾಲ್ಕು ಸೀಸನ್ ಒಂದೇ ಅಡ್ಡಹೆಸರಲ್ಲಿ ಮಾತಾಡಿದವರಿಗೆ ಆ ಹೆಸರೇ ಮರ್ಯಾದೆ. ಅದು ಹೋದರೆ ‘ಅಣ್ಣಾ, ನೀವು ಹೇಳಿ’ ಅಂತ ಕೇಳೋರು ಇಲ್ಲದಾಗ್ತಾರೆ, ಹಾಗಾಗಿ ಅಳೆದು ಮಾತಾಡ್ತಾರೆ. ರಾತ್ರಿ ಹುಟ್ಟಿ ಬೆಳಗ್ಗೆ ಸಾಯೋ ಹೆಸರಿಗೆ ಕಳಕೊಳ್ಳೋಕೆ ಏನೂ ಇಲ್ಲ. ಟೆಲಿಗ್ರಾಂ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೆ, ನನ್ನ ಮುಖ್ಯ ತಕರಾರು ಅದೇ.

ಅಡ್ಮಿನ್ ಕೈಯಲ್ಲಿ ಆಗೋದು ಇಷ್ಟು. ಗ್ರೂಪ್ ಪ್ರೈವೇಟ್ ಇರಲಿ. ಪಬ್ಲಿಕ್ ಮಾಡಿದರೆ ಸದಸ್ಯರು ಒಂದು ಚಾನೆಲ್ ತೆರೆದು ಅದರ ಹೆಸರಲ್ಲೇ ಮೆಸೇಜ್ ಹಾಕೋ ಸಾಧ್ಯತೆ ಇರುತ್ತೆ, ಹಿಂದೆ ಯಾರಿದ್ದಾರೆ ಅಂತ ಅಡ್ಮಿನ್‌ಗೂ ಗೊತ್ತಾಗಲ್ಲ, ಬ್ಯಾನ್ ಮಾಡೋಕೆ ಸಿಗೋದು ಆ ಚಾನೆಲ್ ಮಾತ್ರ. ಇನ್ವೈಟ್ ಲಿಂಕಿಗೆ ಅಡ್ಮಿನ್ ಒಪ್ಪಿಗೆ ಆನ್ ಮಾಡಿ. ಸೇರುವಾಗ ಇಟ್ಟ ಅಡ್ಡಹೆಸರನ್ನ ಸೀಸನ್ ಮುಗಿಯೋ ತನಕ ಬದಲಿಸಬಾರದು ಅಂತ ಹೇಳಿ, ಒಂದು ಪಟ್ಟಿ ಬರೆದಿಟ್ಟುಕೊಳ್ಳಿ, ಆ್ಯಪ್ ಇದನ್ನ ಮಾಡಿಕೊಡಲ್ಲ. ಸಂದೇಹ ಬಂದರೆ ಪರ್ಸನಲ್ ಆಗಿ ಒಂದು ಮೆಸೇಜ್ ಹಾಕಿಸಿಕೊಳ್ಳಿ. ಕಾಂಟ್ಯಾಕ್ಟ್ ಅಲ್ಲದವರು ಮೊದಲ ಸಲ ಬರೆದಾಗ ಅವರು ಟೆಲಿಗ್ರಾಂ ಸೇರಿದ ತಿಂಗಳು, ಇತ್ತೀಚೆಗೆ ಹೆಸರು ಬದಲಿಸಿದ್ದರೆ ಅದು ಕೂಡ ಮೇಲೆ ಕಾಣುತ್ತೆ.

ಸೋತ ರಾತ್ರಿ ಕಳೆದ ಬೆಳಗ್ಗೆ ‘ರೀಸೆಂಟ್ ಆ್ಯಕ್ಷನ್ಸ್’ ತೆರೆಯೋದು ರೂಢಿ ಮಾಡಿಕೊಳ್ಳಿ. ಎಡಿಟ್ ಆದ ಮೆಸೇಜಿನ ಹಳೇ ರೂಪ ಅಲ್ಲಿರುತ್ತೆ, ಆದರೆ 48 ಗಂಟೆ ಮಾತ್ರ. ‘ನಾನು ಹಾಗೆ ಬರೆದೇ ಇಲ್ಲ’ ಅಂತ ಭಾನುವಾರ ಬಂದ ದೂರನ್ನ ಬುಧವಾರ ನೋಡಿದರೆ ಪ್ರಯೋಜನ ಇಲ್ಲ. ಅಡ್ಮಿನ್‌ಗಳು ‘ರಿಮೇನ್ ಅನಾನಿಮಸ್’ ಹಾಕಿಕೊಂಡರೆ ಎಚ್ಚರಿಕೆ ಗ್ರೂಪಿನ ಹೆಸರಲ್ಲೇ ಹೋಗುತ್ತೆ, ಬೈಸಿಕೊಂಡವರು ಇರೋ ಎಲ್ಲ ಅಡ್ಮಿನ್‌ಗಳ ಮೇಲೂ ಹಗೆ ಸಾಧಿಸ್ತಾರೆ. 16 ಅಕ್ಷರದ ಪಟ್ಟ ಕೊಡೋ ಅವಕಾಶ ಇದೆ. ‘ಅಂಪೈರ್ 1’, ‘ಅಂಪೈರ್ 2’ ಅಂತ ಇಟ್ಟರೆ ಯಾರ ತೀರ್ಪು ಅಂತ ಪ್ರಶ್ನಿಸಬಹುದು, ಮನೆಗೆ ಬಂದು ಜಗಳಾಡೋಕೆ ಆಗಲ್ಲ.

ಮುಖ ಮುಚ್ಚಿದರೆ ಕೇಸಿಲ್ಲ ಅನ್ನೋರಿಗೆ ಒಂದು ಮಾತು. 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಆನ್‌ಲೈನ್‌ನಲ್ಲಿ ಮನನೋಯಿಸೋ ಮೆಸೇಜಿಗೆ ಶಿಕ್ಷೆ ಕೊಡ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಮಾತ್ರ. ಭಾರತೀಯ ನ್ಯಾಯ ಸಂಹಿತೆಯ 351(4) ಪ್ರಕಾರ ಗುರುತು ಮರೆಸಿಕೊಂಡು ಬೆದರಿಕೆ ಹಾಕಿದರೆ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷದ ತನಕ ಬೀಳಬಹುದು, ಅಂದರೆ ಮುಖವಾಡವೇ ದುಬಾರಿ. ಕಾನೂನುಬದ್ಧ ಕೋರಿಕೆ ಬಂದರೆ ನಂಬರ್, ಐಪಿ ಕೊಡ್ತೀವಿ ಅಂತ ಟೆಲಿಗ್ರಾಂ 2024ರ ಸೆಪ್ಟೆಂಬರ್‌ನಲ್ಲಿ ನಿಯಮ ಬದಲಿಸಿದೆ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆ ಅಲ್ಲ ಅಂತ ವಾಟ್ಸ್ಆ್ಯಪ್ ಪ್ರಕರಣವೊಂದರಲ್ಲಿ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಬೆದರಿಕೆಯನ್ನ ರಾತ್ರಿಯಿಡೀ ಗ್ರೂಪಲ್ಲಿ ಇಟ್ಟುಕೊಂಡು ಕೂರಬೇಡಿ.

‘ಇವತ್ತಿನ ಪಕ್ಕಾ ರಿಪೋರ್ಟ್’ ಅಂತ ಬರೋ ಬೆಟ್ಟಿಂಗ್ ಲಿಂಕುಗಳದ್ದು ಬೇರೆ ಕಾಟ. ಲೆಕ್ಕ ತಿಳಿದರೆ ಸಾಕು: 800 ಜನರಲ್ಲಿ ಅರ್ಧಕ್ಕೆ ಒಂದು ತಂಡ, ಇನ್ನರ್ಧಕ್ಕೆ ಇನ್ನೊಂದು ಗೆಲ್ಲುತ್ತೆ ಅಂತ ಕಳಿಸ್ತಾರೆ, ನಿಜವಾದ ಅರ್ಧಕ್ಕೆ ಮಾತ್ರ ಮುಂದಿನ ಪಂದ್ಯಕ್ಕೂ ಹೀಗೇ. ಮೂರು ಪಂದ್ಯ ಕಳೆಯೋ ಹೊತ್ತಿಗೆ 100 ಜನರಿಗೆ ಮೂರೂ ನಿಜವಾಗಿರುತ್ತೆ, ದುಡ್ಡು ಕೇಳೋದು ಆ ನೂರು ಜನರ ಹತ್ರ. ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆ 2025ರ ಆಗಸ್ಟ್‌ನಲ್ಲೇ ಬಂದಿದೆ. ಅಂಥ ಲಿಂಕ್ ಕಂಡ ಕೂಡಲೇ ಅಳಿಸಿಹಾಕಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಮೂರೂವರೆ ಸ್ಟಾರ್. ಹುಡುಕೋ ಸೆಟ್ಟಿಂಗನ್ನ ಮೂಲೆಗೆ ತಳ್ಳಿದ್ದಕ್ಕೆ ಅರ್ಧ, ಹೆಸರು ಬದಲಿಸಿದ್ದು ಗ್ರೂಪಿಗೆ ಕಾಣದಿರೋದಕ್ಕೆ ಒಂದು ಕಡಿತ. ಪ್ರೀಮಿಯಂ ಈ ಕೆಲಸಕ್ಕೆ ಬೇಡವೇ ಬೇಡ, ಬಿಟ್ಟಿ ಖಾತೆಯಲ್ಲೇ ಮೇಲಿನದೆಲ್ಲ ಆಗುತ್ತೆ. ಹೊಸಬರನ್ನ ಐಪಿಎಲ್ ಶುರುವಾಗೋ ಮುಂಚೆಯೇ ಸೇರಿಸಿಕೊಳ್ಳಿ. ಸೋತ ರಾತ್ರಿ ಹತ್ತೂವರೆ ಮೇಲೆ ಬಂದ ಜಾಯಿನ್ ರಿಕ್ವೆಸ್ಟ್‌ಗಳನ್ನ ಬೆಳಗಿನ ತನಕ ಮುಟ್ಟಬೇಡಿ.